ಅಗ್ಗ ಯಾವುದು, ದುಬಾರಿ ಯಾವುದು

ಇಲ್ಲಿ ಸ್ಟಾಕ್‌ಹೋಮಿನಲ್ಲಿ ನಮ್ಮ ಬೀದಿ ಅಗೆದಾಗ, ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಅಂತ ಪಾಲಿಕೆಗೆ ಇಮೇಲ್ ಹಾಕಿದೆ. ಒಪ್ಪಂದದ ಪ್ರತಿಯೇ ಬಂತು. ನೀವ್ಯಾರು, ಯಾಕೆ ಬೇಕು ಅಂತ ಕೇಳಲಿಲ್ಲ. ಸಾಮಾನ್ಯವಾಗಿ ಹಾಗೆ ಕೇಳುವಂತೆಯೂ ಇಲ್ಲ. ನಮ್ಮ 2005ರ ಮಾಹಿತಿ ಹಕ್ಕು ಕಾಯಿದೆಯೂ ಕಾರಣ ಕೇಳಬಾರದು ಅನ್ನುತ್ತದೆ. ಆದರೆ ಊರಲ್ಲಿ ಅಣ್ಣ ಅರ್ಜಿ ಕೊಟ್ಟಾಗ ಕಚೇರಿಯವರು ಕೇಳಿದ ಮೊದಲ ಮಾತು, "ನಿಮಗ್ಯಾಕೆ ಸ್ವಾಮಿ ಇದೆಲ್ಲಾ?"

ಸರಕಾರಿ ಕಡತವನ್ನು ಕೇಳಿದವರಿಗೆ ಕೊಡುವ ಸ್ವೀಡನ್ನಿನ ಈ ರೂಢಿಯ ಬೇರು 1766ರ ಪತ್ರಿಕಾ ಸ್ವಾತಂತ್ರ್ಯ ಕಾಯಿದೆಯಲ್ಲಿದೆ. ಅದಕ್ಕೆ ಹಟ ಹಿಡಿದವರಲ್ಲಿ ಆಂಡರ್ಸ್ ಚುಡೇನಿಯಸ್ ಎಂಬ ಪಾದ್ರಿಯೂ ಒಬ್ಬ. ಸ್ವೀಡನ್, ಫಿನ್ಲೆಂಡ್ ನಡುವಿನ ಬಾಟ್ನಿಯಾ ಕೊಲ್ಲಿಯ ಊರುಗಳು ತಮ್ಮ ಟಾರನ್ನು (ಮರದಿಂದ ತೆಗೆದ, ಹಡಗಿಗೆ ಬಳಿಯುವ ಅಂಟು) ನೇರವಾಗಿ ಹೊರದೇಶಕ್ಕೆ ಮಾರುವಂತಿರಲಿಲ್ಲ, ಲಾಭವೆಲ್ಲ ಸ್ಟಾಕ್‌ಹೋಮಿನ ವ್ಯಾಪಾರಿಗಳಿಗೆ. ಆ ಕಟ್ಟು ಬಿಚ್ಚಿಸಲು ಹೋರಾಡಿದವನೇ ಮರುವರ್ಷ ಅಚ್ಚಿನ ಸ್ವಾತಂತ್ರ್ಯಕ್ಕೂ ನಿಂತ. ಸವಲತ್ತು ಯಾರ ಜೇಬಿಗೆ ಹೋಗ್ತಿದೆ ಅಂತ ಓದಲು ಸಿಗದಿದ್ದರೆ ಅದನ್ನು ಕಿತ್ತುಹಾಕಿ ಅಂತ ಕೇಳುವವರಾದರೂ ಯಾರು, ಅಲ್ವಾ?

ಇಲ್ಲಿ ದೊಡ್ಡ ಸುಧಾರಣೆ ಬರುವ ಮೊದಲು ಸಾಮಾನ್ಯವಾಗಿ ಸಮಿತಿ ವರದಿ ಬರುತ್ತದೆ. ಅದು ಪಾಲಿಕೆ, ಕಾರ್ಮಿಕ ಸಂಘ, ಕಂಪನಿಗಳವರ ಕೈಗೆ ಹೋಗುತ್ತದೆ. ಅವರ ಉತ್ತರಗಳನ್ನು ವರದಿಗಾರರು ಓದಿ ಕೆದಕುತ್ತಾರೆ. ಮಸೂದೆ ಬರುವುದು ಆಮೇಲೆ. ನಮ್ಮಲ್ಲಿ? ಬಜೆಟ್ ದಿನ ಟಿವಿ ಹಾಕಿದರೆ ಯಾವುದು ಅಗ್ಗ, ಯಾವುದು ದುಬಾರಿ ಅನ್ನೋ ಪಟ್ಟಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಹೆಚ್ಚಿನ ಸಾಮಾನಿನ ತೆರಿಗೆ ಜಿಎಸ್‌ಟಿ ಮಂಡಳಿಯಲ್ಲಿ ತೀರ್ಮಾನ ಆಗುತ್ತೆ. ಆದರೂ ಪಟ್ಟಿ ಬಿಟ್ಟಿಲ್ಲ! ಬಜೆಟ್‌ನ ದಪ್ಪ ಕಡತಗಳು ಅವತ್ತೇ ಆನ್‌ಲೈನ್‌ನಲ್ಲಿ ಇರುತ್ತವೆ. ತೆರೆದು ಓದಿ ಹೇಳುವವರು ಕಡಿಮೆ, ಪಕ್ಷದ ವಕ್ತಾರರ ಕೂಗಾಟ ಜಾಸ್ತಿ. 2020ರ ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಕೃಷಿ ಕಾಯಿದೆಗಳು 2021ರ ಕೊನೆಗೆ ವಾಪಸ್ಸಾದವು. ಒಳ್ಳೆಯವೋ ಕೆಟ್ಟವೋ, ಅದು ಬೇರೆ ಮಾತು. ಕರಡು ಮೊದಲೇ ರೈತರ ಕೈಗೆ, ಪತ್ರಿಕೆಗಳಿಗೆ ಸಿಕ್ಕಿದ್ದರೆ ಜಗಳ ದೆಹಲಿ ಗಡಿಯವರೆಗೆ ಹೋಗುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಸ್ವೀಡನ್ನಿನವರೇನು ಹುಟ್ಟಾ ಸಾಚಾಗಳಲ್ಲ ಬಿಡಿ. 1772ರಲ್ಲಿ ಅಧಿಕಾರ ಕಿತ್ತುಕೊಂಡ ರಾಜ ಮೂರನೇ ಗುಸ್ತಾವ್, 1774ರಲ್ಲಿ ಆ 1766ರ ಕಾಯಿದೆಯನ್ನೇ ಮೊಟಕು ಮಾಡಿದ. ಇನ್ನೊಂದನ್ನೂ ಒಪ್ಪಿಕೊಳ್ಳಲೇಬೇಕು. 1992ರಲ್ಲಿ ನಮ್ಮ ಉದಾರೀಕರಣಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಬ್ಯಾಂಕಿನ ದುಡ್ಡನ್ನು ಷೇರುಪೇಟೆಗೆ ತಿರುಗಿಸಿದ್ದನ್ನು ಬಯಲಿಗೆಳೆದದ್ದು ಸುಚೇತಾ ದಲಾಲ್, ನಮ್ಮದೇ ಪತ್ರಿಕೆಯೊಂದರ ವರದಿಗಾರ್ತಿ. ಜಂಟಿ ಸಂಸದೀಯ ಸಮಿತಿ ಕೂತಿದ್ದು, ಬ್ಯಾಂಕುಗಳ ಸಾಲಪತ್ರ (ಬಾಂಡ್) ವಹಿವಾಟು ಬಿಗಿಯಾಗಿದ್ದು ಎಲ್ಲ ಅದಾದ ಮೇಲೆಯೇ.