ಎರಡು ಚಿತ್ರಗಳ ನಡುವೆ ಕಾಣೆಯಾದ ಶರ್ಲಿ ಟೆಂಪಲ್

ಬೆಳಿಗ್ಗೆಯಿಂದ ಒಂದೇ ಚಿತ್ರವನ್ನು ಮೂವರು ಸ್ನೇಹಿತರ ಫೇಸ್‌ಬುಕ್ ಗೋಡೆಯ ಮೇಲೆ ನೋಡಿದೆ. ಎಡಗಡೆ ಗುಂಗುರು ಕೂದಲಿನ, ಕೆನ್ನೆಯಲ್ಲಿ ಗುಳಿ ಬೀಳುವ ಪುಟ್ಟ ಶರ್ಲಿ ಟೆಂಪಲ್, 1930ರ ದಶಕದ ಹಾಲಿವುಡ್‌ನ ಹೆಸರಾಂತ ಬಾಲನಟಿ. ಬಲಗಡೆ ಮುಪ್ಪಾದ ಶರ್ಲಿ. ಮೇಲೆ ‘ಅಂದು–ಇಂದು’ ಎಂಬ ಶೀರ್ಷಿಕೆ, ಕೆಳಗೆ ‘ಅಯ್ಯೋ, ಹೇಗಿದ್ದವಳು ಹೇಗಾಗಿಬಿಟ್ಟಳು’ ಎಂಬ ಮರುಕ. 85 ವರ್ಷ ತುಂಬು ಬಾಳು ಬಾಳಿ 2014ರಲ್ಲಿ ತೀರಿಕೊಂಡ ಹೆಂಗಸಿಗೆ ಮುಪ್ಪು ಬಂದದ್ದೇ ತಪ್ಪೆಂಬಂತಿದೆ ಈ ಮಾತು. ನನಗೆ ತಡೆಯಲಾಗದಷ್ಟು ಸಿಟ್ಟು ಬಂದಿದೆ.

ನೀವು ಹಂಬಲಿಸುವ ಆ ‘ಅಂದು’ ಆಕೆಯ ಪಾಲಿಗೆ ಹೇಗಿತ್ತು? 1932ರಲ್ಲಿ, ನಾಲ್ಕು ವರ್ಷವೂ ಸರಿಯಾಗಿ ತುಂಬದ ಆಕೆ ನಟಿಸಿದ ಕಿರುಚಿತ್ರಗಳ ಸೆಟ್ಟಿನಲ್ಲಿ, ಹೇಳಿದ ಮಾತು ಕೇಳದ ಮಕ್ಕಳನ್ನು ಕತ್ತಲೆಯ ಪೆಟ್ಟಿಗೆಯೊಳಗೆ ಕೂಡುತ್ತಿದ್ದರು. ಕೂರಲು ಅಲ್ಲಿದ್ದದ್ದು ಮಂಜುಗಡ್ಡೆ. ಆ ಮುದ್ದಾದ ಕೂದಲಿಗೆ ತಾಯಿ ಎಣಿಸಿ 56 ಸುರುಳಿ ಹಾಕುತ್ತಿದ್ದರು. 1935ರಿಂದ 38ರವರೆಗೆ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಆಕೆಯೇ ಮೊದಲಿಗಳು. ಆ ಮುದ್ದುತನ ಇನ್ನಷ್ಟು ದಿನ ಮಾರಾಟವಾಗಲೆಂದು ಸ್ಟುಡಿಯೊ ವಯಸ್ಸಿನಲ್ಲೇ ಒಂದು ವರ್ಷ ಕದ್ದಿತ್ತು. 1950ರಲ್ಲಿ, 22ನೆಯ ವಯಸ್ಸಿಗೆ, ಚಿತ್ರರಂಗ ಬಿಟ್ಟು ಲೆಕ್ಕ ನೋಡಿದರೆ, ದುಡಿದ 32 ಲಕ್ಷ ಡಾಲರಿನಲ್ಲಿ ಉಳಿದದ್ದು ಸುಮಾರು 44 ಸಾವಿರ. ಹಣ ನೋಡಿಕೊಳ್ಳುತ್ತಿದ್ದ ತಂದೆ ಬ್ಯಾಂಕ್ ನೌಕರ! ಮರುಕಪಡುವುದಿದ್ದರೆ ಎಡಗಡೆಯ ಚಿತ್ರಕ್ಕೆ ಪಡಿ.

‘ಆ ಗುಂಗುರು ಕೂದಲಿಲ್ಲದಿದ್ದರೆ ಆಕೆಯನ್ನು ರಾಯಭಾರಿ ಮಾಡುವವರು ಯಾರಿದ್ದರು’ ಎಂದು ಒಬ್ಬರು ಕೇಳಿದ್ದಾರೆ. ಹೆಸರು ಬಾಗಿಲು ತೆರೆಸಿರಬಹುದು, ಒಪ್ಪುತ್ತೇನೆ. ಆದರೆ 1967ರಲ್ಲಿ ಅಮೆರಿಕದ ಸಂಸತ್ತಿಗೆ ಸ್ಪರ್ಧಿಸಿದಾಗ ಅದೇ ಹೆಸರು ಆಕೆಯನ್ನು ಗೆಲ್ಲಿಸಲಿಲ್ಲ. ಸೋತು ಮನೆಯಲ್ಲಿ ಕೂರದೆ 1969ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಪ್ರತಿನಿಧಿಯಾಗಿ ಹೋದರು. 1974ರಲ್ಲಿ ಘಾನಾಕ್ಕೆ ರಾಯಭಾರಿಯಾದರು. ಅಲ್ಲಿ ಮಾಡಿದ ಕೆಲಸವನ್ನೂ ಕೂದಲ ಸುರುಳಿಯ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ನನ್ನ ಅಮ್ಮನ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಸ್ತನದಲ್ಲಿ ಗಂಟಿರುವುದು ತಿಳಿದ ಮೇಲೂ ಅಮ್ಮ ನಾಚಿಕೆಯಿಂದ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಶರ್ಲಿ 1972ರಲ್ಲಿ, ಆ ಕಾಯಿಲೆಯ ಹೆಸರನ್ನು ಅಮೆರಿಕದ ಹೆಂಗಸರೂ ಗಟ್ಟಿಯಾಗಿ ಆಡದಿದ್ದ ಕಾಲದಲ್ಲಿ, ಶಸ್ತ್ರಚಿಕಿತ್ಸೆಯಾದ ಬೆನ್ನಿಗೇ ಪತ್ರಕರ್ತರೆದುರು ತಮ್ಮ ಸ್ತನ ಕ್ಯಾನ್ಸರಿನ ಬಗ್ಗೆ ಬಾಯಿಬಿಟ್ಟು ಮಾತಾಡಿದರು, ಭಯದಿಂದ ಮನೆಯಲ್ಲೇ ಕೂರಬೇಡಿ ಎಂದು ಉಳಿದ ಹೆಂಗಸರಿಗೆ ಹೇಳಿದರು. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ಅತ್ತಿದ್ದೇನೆ. ‘ಅಂದು–ಇಂದು’ ಚಿತ್ರದಲ್ಲಿ ಈ ಹೆಂಗಸು ಎಲ್ಲಿದ್ದಾರೆ?

1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್ ನಗರಕ್ಕೆ ನುಗ್ಗಿದಾಗ ಶರ್ಲಿ ಅಲ್ಲೇ ಇದ್ದರು. ಅಣ್ಣನನ್ನು ಕಾಡಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆಗಾಗಿ ದುಡಿಯುವ ಸಂಸ್ಥೆಗಳ ಪರವಾಗಿ ಹೋಗಿದ್ದರು. ಇಪ್ಪತ್ತೊಂದು ವರ್ಷಗಳ ಬಳಿಕ ಅದೇ ಊರಿಗೆ ಅಮೆರಿಕದ ರಾಯಭಾರಿಯಾಗಿ ಮರಳಿದರು. ಕೆಲವೇ ತಿಂಗಳಲ್ಲಿ, 1989ರ ನವೆಂಬರಿನಲ್ಲಿ, ಜನ ಬೀದಿಗಿಳಿದು ಕಮ್ಯುನಿಸ್ಟ್ ಆಳ್ವಿಕೆಯನ್ನು ಕೊನೆಗಾಣಿಸಿದ್ದನ್ನು ಕಣ್ಣಾರೆ ಕಂಡರು. ಆಗ ಆಕೆಗೆ 61 ವರ್ಷ. ಆ ಕಾಲದ ಫೋಟೊಗಳು ಹುಡುಕಿದರೆ ಸಿಗುತ್ತವೆ. ಆ ಚಿತ್ರ ಹಂಚಿದ ಮೂವರೂ ದಯವಿಟ್ಟು ಅದರಲ್ಲೊಂದನ್ನು ನಡುವೆ ಸೇರಿಸಿ, ಇಲ್ಲವೇ ಹಾಕಿದ್ದನ್ನು ತೆಗೆದುಬಿಡಿ.