ಡಿಗ್ರಿ ಮುಗಿಸದವರ ಹೆಸರು ಎಲ್ಲಿ ಹುಡುಕುತ್ತೀರಿ?

ಸೇನೆಗೆ ಸೇರಿ ಹುತಾತ್ಮರಾದ ಹಳೆಯ ವಿದ್ಯಾರ್ಥಿಗಳ ಹೆಸರಿನ ಫಲಕವನ್ನು ಕಾಲೇಜುಗಳಲ್ಲಿ ಹಾಕಬೇಕು, ಹೆಸರು ಬೇಕಾದರೆ ವಿಶ್ವವಿದ್ಯಾಲಯದ ಪದವೀಧರರ ಪಟ್ಟಿ ನೋಡಿದರೆ ಸಾಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಬೆಳಗಾವಿ ಕಡೆ ಈ ಲೆಕ್ಕ ಕೂಡುವುದಿಲ್ಲ ಸರ್. ಫಲಕ ಹಾಕಬೇಕು ಅನ್ನೋದು ಸರಿಯೇ, ತಕರಾರು ಪಟ್ಟಿಯ ಬಗ್ಗೆ ಮಾತ್ರ.

ಸೇನೆಗೆ ಸಾಮಾನ್ಯ ಸೈನಿಕನಾಗಿ ಭರ್ತಿಯಾಗಲು 17½ ವರ್ಷ ತುಂಬಿದರೆ ಸಾಕು. ಹಾಗಾಗಿ ನಮ್ಮ ಹುಡುಗರು ಜಾಸ್ತಿ ಹೋಗುವುದು ಪಿಯುಸಿ ಆದ ಮೇಲೆ, ಇಲ್ಲವೇ ಬಿ.ಎ. ಮೊದಲ ವರ್ಷದ ನಡುವೆ. ನನ್ನ ಪಕ್ಕದ ಬೆಂಚಿನವನು ಹೀಗೇ ಹೋದ. ಬೆಳಿಗ್ಗೆ ಭರ್ತಿಗೆಂದು ಓಟದ ಅಭ್ಯಾಸ ಮಾಡಿ ಬಂದು, ಕೆಸರು ಮೆತ್ತಿದ ಕ್ಯಾನ್ವಾಸ್ ಶೂನಲ್ಲೇ ಕ್ಲಾಸಿಗೆ ಕೂರುತ್ತಿದ್ದ. ಭರ್ತಿಯಾದ ವಾರ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು, ಪಕ್ಕದಲ್ಲಿ 'ಟಿ.ಸಿ. ಪಡೆದಿದ್ದಾನೆ' ಅಂತ. ಆರು ವರ್ಷದ ನಂತರ ತ್ರಿವರ್ಣ ಹೊದ್ದು ಊರಿಗೆ ಬಂದ. ನಮ್ಮ ಕಾಲೇಜಿನಲ್ಲಿ ಹೆಸರು ಸೇರಿಸಿ ಎಂದು ಕೇಳಿದರೆ, 'ಅವರು ಡಿಗ್ರಿ ಮುಗಿಸಿಲ್ವಲ್ಲ' ಎಂದರು!

ಇನ್ನೊಂದು ಮಾತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾಗಿದ್ದೇ 2010ರಲ್ಲಿ. 1999ರ ಕಾರ್ಗಿಲ್ ಹೊತ್ತಿಗೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಆ ಕಾಲದವರ ದಾಖಲೆಯನ್ನು ಬೆಳಗಾವಿಯಲ್ಲಿ ಹುಡುಕಿದರೆ ಸುಮ್ನೆ ಕಾಲಹರಣ. ವಿಜಯಪುರದ ಸೈನಿಕ ಶಾಲೆಯ ಮಾತು ಬೇರೆ, ಅಲ್ಲಿ ಮಕ್ಕಳನ್ನು ತಯಾರು ಮಾಡುವುದೇ ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ). ನಮ್ಮ ಸಾದಾ ಕಾಲೇಜುಗಳಲ್ಲಿ ಪದವೀಧರರ ಪಟ್ಟಿ ಬಿಟ್ಟು ಪ್ರವೇಶ ರಿಜಿಸ್ಟರ್ ತೆಗೆಯಿರಿ. ಆ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯ ಪಟ್ಟಿ ಜೊತೆ ತಾಳೆ ಹಾಕಿ.