ಅಮೆರಿಕನ್ ಆಕ್ಸೆಂಟ್ ಅಂದರೆ ಯಾವ ಊರಿನದು?

ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ಗಳು ಜೋರಾಗಿದ್ದ ಕಾಲದಲ್ಲಿ ‘ಆಕ್ಸೆಂಟ್ ಟ್ರೈನಿಂಗ್’ ಅಂತ ಒಂದು ಕ್ಲಾಸು ಇರುತ್ತಿತ್ತು. ‘ವಾಟರ್’ ಅನ್ನಬೇಡಿ, ‘ವಾಡರ್’ ಅನ್ನಿ. ‘ಶೆಡ್ಯೂಲ್’ ಅಲ್ಲ, ‘ಸ್ಕೆಜುಲ್’. ಹೀಗೆ ನಾಲಿಗೆ ತಿದ್ದಿಸಿಕೊಂಡು ಅಮೆರಿಕಕ್ಕೆ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಂದು ಫಿಲಡೆಲ್ಫಿಯಾದಲ್ಲಿ ಇಳಿದರೆ, ಅಲ್ಲಿನ ಹಳಬರು ಅದೇ ನೀರಿಗೆ ‘ವುಡರ್’ ಅನ್ನುತ್ತಾರೆ. ಬಾಸ್ಟನ್ನಿನ ಹಳಬರು ಕೊನೆಯ ‘ರ್’ ನುಂಗಿ ‘ವಾಡ’ ಅಂದು ಸುಮ್ಮನಾಗುತ್ತಾರೆ. ಕ್ಲಾಸಿನಲ್ಲಿ ಕಲಿಸಿದ ಆ ಅಮೆರಿಕನ್ ಯಾವ ಊರಿನವನು ಅಂತ ಯಾರೂ ಕೇಳಿರಲೇ ಇಲ್ಲ.

ನಾನು ನ್ಯೂಜೆರ್ಸಿ, ಅಟ್ಲಾಂಟಾ, ಮಿನಿಯಾಪೊಲಿಸ್ ಸುತ್ತಿ ಈಗ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿದ್ದೇನೆ. ಪ್ರಾಜೆಕ್ಟ್ ಎಲ್ಲಿಗೆ ಕಳಿಸಿತೋ ಅಲ್ಲಿಗೆ ಗಂಟುಮೂಟೆ. ಇಷ್ಟು ಸುತ್ತಿದ ಮೇಲೆ ನನಗೆ ಅನಿಸುವುದು ಇಷ್ಟೇ: ಉಚ್ಚಾರಕ್ಕಾಗಿ ನಾವು ಪಡುವ ಪಾಡಿನಲ್ಲಿ ಮುಕ್ಕಾಲು ಪಾಲು ದಂಡ. ಊರಿಂದ ಊರಿಗೆ ನಿಜವಾಗಿ ಬದಲಾಗುವುದು ಒಡನಾಟದ ರೀತಿ. ಗುರುತಿಲ್ಲದವರ ಜೊತೆ ಎಷ್ಟು ಹೊತ್ತು ಮಾತಾಡುತ್ತಾರೆ, ‘ಬೇಡ’ ಅನ್ನೋದನ್ನ ಹೇಗೆ ಹೇಳುತ್ತಾರೆ, ಇಷ್ಟ ಆಗದಿದ್ದರೆ ಹೇಗೆ ತೋರಿಸಿಕೊಳ್ಳುತ್ತಾರೆ. ಇದನ್ನು ಯಾವ ಕ್ಲಾಸಿನಲ್ಲೂ ಕಲಿಸುವುದಿಲ್ಲ.

ಉಚ್ಚಾರದ ಬೆನ್ನು ಹತ್ತುವುದು ಯಾಕೆ ದಂಡ ಅಂದರೆ, ಅದು ನಿಂತಲ್ಲಿ ನಿಲ್ಲುವುದಿಲ್ಲ. ಈ ‘ರ್’ ಕಥೆಯನ್ನೇ ನೋಡಿ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಉಳ್ಳವರು ಪದದ ಕೊನೆಯ ‘ರ್’ ಬಿಡತೊಡಗಿದ್ದರು. ಇಂಗ್ಲೆಂಡಿನ ಜೊತೆ ಹಡಗಿನ ವ್ಯಾಪಾರ ಇಟ್ಟುಕೊಂಡಿದ್ದ ಬಾಸ್ಟನ್, ನ್ಯೂಯಾರ್ಕ್, ಚಾರ್ಲ್ಸ್‌ಟನ್‌ನಂಥ ಬಂದರು ಊರುಗಳಿಗೂ ಆ ಶೋಕಿ ಹತ್ತಿತು. ಆಗ ‘ರ್’ ನುಂಗುವುದೇ ದೊಡ್ಡಸ್ತಿಕೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರಲ್ಲಿ ಅಧ್ಯಕ್ಷರಾದಾಗ ಮಾಡಿದ ಭಾಷಣದ ರೆಕಾರ್ಡಿಂಗ್ ಕೇಳಿ ನೋಡಿ, ‘ಫಿಯರ್’ ಅನ್ನುವ ಕಡೆ ‘ಫಿಯ’ ಅಂತಲೇ ಕೇಳಿಸುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ‘ರ್’ ಗಟ್ಟಿಯಾಗಿ ಹೇಳುವವರು ಮೇಲಾದರು, ನುಂಗುವವರು ಕೆಳಗಾದರು.

ಇದನ್ನು ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ಹಿಡಿದು ತೋರಿಸಿದರು. ದುಬಾರಿಯ ಸ್ಯಾಕ್ಸ್, ನಡುವಿನ ಮೇಸೀಸ್, ಅಗ್ಗದ ಎಸ್. ಕ್ಲೈನ್. ಮಾಡಿದ್ದು ಇಷ್ಟೇ. ನಾಲ್ಕನೇ ಮಹಡಿಯಲ್ಲಿ ಏನು ಮಾರುತ್ತಾರೆ ಅಂತ ಮೊದಲೇ ತಿಳಿದುಕೊಂಡು, ಕೆಳಗಿನ ಕೆಲಸಗಾರರ ಹತ್ತಿರ ಹೋಗಿ ‘ಹೆಂಗಸರ ಶೂ ಎಲ್ಲಿ ಸಿಗುತ್ತೆ?’ ಅಂತ ಕೇಳುವುದು. ಅವರು ‘ಫೋರ್ತ್ ಫ್ಲೋರ್’ ಅನ್ನುತ್ತಾರೆ. ಇವರು ಕೇಳಿಸದವರ ಹಾಗೆ ಮುಂದಕ್ಕೆ ಬಾಗುವುದು. ಅವರು ಇನ್ನೊಮ್ಮೆ, ಸ್ವಲ್ಪ ಬಿಡಿಸಿ, ಹೇಳುತ್ತಾರೆ. ಇವರು ಆಚೆ ಹೋಗಿ ‘ರ್’ ಬಂತೋ ಇಲ್ಲವೋ ಅಂತ ಬರೆದುಕೊಳ್ಳುವುದು. ಸ್ಯಾಕ್ಸ್‌ನಲ್ಲಿ ‘ರ್’ ಜಾಸ್ತಿ, ಕ್ಲೈನ್‌ನಲ್ಲಿ ಎಲ್ಲಕ್ಕಿಂತ ಕಮ್ಮಿ. ಮೂರೂ ಕಡೆ ಕೆಲಸದವರು ಅದೇ ನ್ಯೂಯಾರ್ಕಿನವರು. ಗಿರಾಕಿ ಶ್ರೀಮಂತರಾದಷ್ಟೂ ‘ರ್’ ಗಟ್ಟಿ! ನಾವು ‘ನ್ಯೂಟ್ರಲ್ ಆಕ್ಸೆಂಟ್’ ಅಂತ ಪೂಜೆ ಮಾಡುವುದು ಇದನ್ನೇ. ಸದ್ಯಕ್ಕೆ ಯಾರ ಕೈ ಮೇಲಿದೆಯೋ ಅವರ ಮಾತು, ಅಷ್ಟೇ.

ನ್ಯೂಜೆರ್ಸಿಯ ವಿಷಯಕ್ಕೆ ಬರೋಣ. ಅಲ್ಲಿ ಪೆಟ್ರೋಲ್ ಬಂಕಿನಲ್ಲಿ ನೀವೇ ಹಾಕಿಕೊಳ್ಳುವ ಹಾಗಿಲ್ಲ, 1949ರಿಂದಲೂ ಅದೇ ಕಾನೂನು. ನಮ್ಮೂರಿನ ಥರವೇ ಹುಡುಗ ಬಂದು ಹಾಕುತ್ತಾನೆ. ಆದರೆ ಮಾತು ನಾಲ್ಕೇ ಪದ. ಎಷ್ಟು, ಯಾವುದು, ಕಾರ್ಡಾ ಕ್ಯಾಶಾ. ‘ಹೇಗಿದ್ದೀರಿ’ ಅಂದರೆ ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಾನೆ. ಒರಟರು ಅನ್ನಿಸುತ್ತದೆ. ಹಿಮದಲ್ಲಿ ಕಾರು ಸಿಕ್ಕಿಹಾಕಿಕೊಳ್ಳಲಿ, ಆಗ ನೋಡಬೇಕು. ‘ಇಂಥ ಟೈರ್ ಹಾಕಿಕೊಂಡು ಯಾವನಾದರೂ ಈಚೆ ಬರ್ತಾನಾ’ ಅಂತ ಬೈಯುತ್ತಲೇ ತಳ್ಳಿಕೊಟ್ಟು, ಥ್ಯಾಂಕ್ಸ್ ಹೇಳುವಷ್ಟರಲ್ಲಿ ಮಾಯ.

ಅಟ್ಲಾಂಟಾದಲ್ಲಿ ಪೂರಾ ಉಲ್ಟಾ. ಅಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಸಂಜೆ ನನ್ನ ಬುಟ್ಟಿಯಲ್ಲಿ ಬೆಂಡೆಕಾಯಿ ಇತ್ತು. ಬಿಲ್ ಹಾಕುತ್ತಿದ್ದ ಅಜ್ಜಿ ಕೈ ನಿಲ್ಲಿಸಿ, ‘ಇದನ್ನು ಹೇಗೆ ಮಾಡುತ್ತೀರಿ?’ ಅಂದರು. ಅಮೆರಿಕದ ದಕ್ಷಿಣದವರಿಗೆ ಬೆಂಡೆಕಾಯಿ ಅಂದರೆ ಪ್ರಾಣ. ಆಫ್ರಿಕಾದಿಂದ ಗುಲಾಮರ ಹಡಗುಗಳ ಕಾಲದಲ್ಲಿ ಬಂದ ಕಾಯಿ ಅದು. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ, ಗಂಬೋ ಅನ್ನುವ ಸಾರಿಗೆ ಹಾಕುತ್ತಾರೆ. ನಾನು ಹುಣಸೆಹುಳಿ, ಬೆಲ್ಲ ಹಾಕಿದ ಗೊಜ್ಜಿನ ಬಗ್ಗೆ ಹೇಳಿದೆ. ಲೋಳೆ ಹೋಗಲು ಏನು ಮಾಡುತ್ತೀರಿ ಅಂತ ನನ್ನ ಹಿಂದೆ ನಿಂತಿದ್ದ ಹೆಂಗಸು ಕೇಳಿದರು. ಅವರ ಹಿಂದಿದ್ದವರು ಅದಕ್ಕೆ ಇನ್ನೊಂದು ಉಪಾಯ ಹೇಳಿದರು. ಕ್ಯೂ ಮುಂದೆ ಹೋಗುತ್ತಿಲ್ಲ, ಯಾರಿಗೂ ಬೇಜಾರಿಲ್ಲ. ಜೆರ್ಸಿಯಲ್ಲಾಗಿದ್ದರೆ ಮ್ಯಾನೇಜರ್ ಓಡಿ ಬರುತ್ತಿದ್ದರು.

ಅಲ್ಲಿನ ಎಷ್ಟೋ ಜನರ ಮಾತಿನಲ್ಲಿ ‘ಪಿನ್’, ‘ಪೆನ್’ ಎರಡೂ ಒಂದೇ ಥರ ಕೇಳಿಸುತ್ತವೆ. ಗೊಂದಲ ಬೇಡ ಅಂತ ‘ಇಂಕ್ ಪೆನ್’ ಅನ್ನುತ್ತಾರೆ. ಮಕ್ಕಳು ದೊಡ್ಡವರಿಗೆ ‘ಸರ್’, ‘ಮ್ಯಾಮ್’ ಸೇರಿಸದೆ ಬಾಯಿ ಬಿಡುವುದಿಲ್ಲ. ಮಾತು ನಿಧಾನ, ಎಳೆದು ಎಳೆದು. ಇದಕ್ಕೇ ಅಲ್ಲವೇ ಹಾಲಿವುಡ್ಡಿನಲ್ಲಿ ಪೆದ್ದನ ಪಾತ್ರ ಬಂತೆಂದರೆ ದಕ್ಷಿಣದ ಆಕ್ಸೆಂಟ್ ಅಂಟಿಸುವುದು? ನಮ್ಮಲ್ಲೂ ಏನು ಕಮ್ಮಿ? ಕನ್ನಡ ಕೂಟದ ನಾಟಕದಲ್ಲಿ ಮನೆಕೆಲಸದವನು ಬಂದರೆ ನಮ್ಮ ಹಾವೇರಿ ಕಡೆಯ ‘ಏನ್ರೀ, ಬರ್ರೀ’. ಹೋಟೆಲ್ ಭಟ್ಟರು ಬಂದರೆ ಮಂಗಳೂರಿನ ‘ಎಂಥ ಮಾರಾಯ್ರೆ’. ಹೀರೋ ಮಾತ್ರ ಯಾವಾಗಲೂ ಬೆಂಗಳೂರು, ಮೈಸೂರಿನವನೇ. ಚಪ್ಪಾಳೆ ತಟ್ಟುವವರಲ್ಲಿ ಹುಬ್ಬಳ್ಳಿಯವರೂ ಇರುತ್ತಾರೆ ಅನ್ನುವುದು ನನ್ನ ಹೊಟ್ಟೆಯುರಿ.

ಕನ್ನಡಿಗರಿಗೆ ಸರಿಯಾಗಿ ಒಗ್ಗುವ ಊರು ಯಾವುದು ಅಂದರೆ ನಾನು ಮಿನೆಸೋಟಾ ಅನ್ನುತ್ತೇನೆ. ಕೇಳಿದವರು ನಗುತ್ತಾರೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವ ಚಳಿ. ಮಿನಿಯಾಪೊಲಿಸ್ ಪೇಟೆಯಲ್ಲಿ ಜನ ಬೀದಿಗೆ ಇಳಿಯದೆ ಓಡಾಡಲಿ ಅಂತ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಗಾಜಿನ ಸೇತುವೆ ಕಟ್ಟಿದ್ದಾರೆ. ಅದಕ್ಕೆ ಸ್ಕೈವೇ ಅಂತ ಹೆಸರು. ಆದರೆ ಜನರ ರೀತಿ ನೋಡಿ. ಕಾಫಿ ಬೇಕಾ ಅಂದರೆ ಮೊದಲು ‘ಅಯ್ಯೋ ಬೇಡ, ತೊಂದರೆ ಯಾಕೆ’. ಎರಡನೇ ಸಲವೂ ಬೇಡ. ಮೂರನೇ ಸಲ ಒತ್ತಾಯ ಮಾಡಿದರೆ ‘ಸರಿ, ಸ್ವಲ್ಪ ಕೊಡಿ’. ನಾರ್ವೆ, ಸ್ವೀಡನ್ನಿನಿಂದ ಬಂದವರ ಮೊಮ್ಮಕ್ಕಳಿಗೆ ಈ ಪಾಠವನ್ನು ನಮ್ಮ ಅತ್ತೆ, ಚಿಕ್ಕಮ್ಮಂದಿರೇ ಹೇಳಿಕೊಟ್ಟರೇನೋ ಅನ್ನಿಸಬೇಕು. ಜೆರ್ಸಿಯವರ ಮುಂದೆ ಒಂದು ಸಲ ಬೇಡ ಅಂದರೆ ಮುಗಿಯಿತು, ಕಾಫಿ ಇಲ್ಲ.

ಹೊರಡುವುದೂ ಹಾಗೇ. ತೊಡೆ ತಟ್ಟಿಕೊಂಡು ‘ವೆಲ್...’ ಅಂತ ಏಳುತ್ತಾರೆ. ಬಾಗಿಲ ಹತ್ತಿರ ಹದಿನೈದು ನಿಮಿಷ ಮಾತು, ಕಾರಿನ ಹತ್ತಿರ ಇನ್ನೊಂದು ರೌಂಡು. ಗಾಜು ಇಳಿಸಿ ಮತ್ತೊಂದು ವಿಷಯ. ‘ಮಿನೆಸೋಟಾ ಗುಡ್‌ಬೈ’ ಅಂತ ಅವರೇ ತಮ್ಮನ್ನು ಹಾಸ್ಯ ಮಾಡಿಕೊಳ್ಳುತ್ತಾರೆ. ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ. ಒಬ್ಬರು ಅರ್ಧ ಮಾಡಿ ತೆಗೆದುಕೊಂಡರೆ, ಮುಂದಿನವರು ಉಳಿದ ಅರ್ಧದಲ್ಲಿ ಅರ್ಧ.

ಇಷ್ಟ ಆಗದಿದ್ದರೆ ‘ದಟ್ಸ್ ಡಿಫರೆಂಟ್’ ಅನ್ನುತ್ತಾರೆ. ಮೀಟಿಂಗಿನಲ್ಲಿ ನಿಮ್ಮ ಡಿಸೈನ್ ನೋಡಿ ಯಾರಾದರೂ ಹಾಗೆ ಅಂದರೆ, ಹೊಸದು ಮಾಡಲು ಶುರು ಮಾಡಿಬಿಡಿ. ಜೆರ್ಸಿಯಲ್ಲಿ ‘ಇದು ಕೆಲಸ ಮಾಡಲ್ಲ’ ಅಂತ ಮುಖಕ್ಕೆ ಹೇಳುತ್ತಾರೆ, ಸಂಜೆ ಒಟ್ಟಿಗೆ ಪಿಜ್ಜಾ ತಿನ್ನುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು ಅಂದರೆ, ಕೆಲಸದ ಜಾಗದಲ್ಲಿ ನನ್ನ ಓಟು ಜೆರ್ಸಿಗೇ. ಮಿನೆಸೋಟಾದವರ ಬಗ್ಗೆ ಅಲ್ಲಿಯೇ ಚಾಲ್ತಿಯಲ್ಲಿರುವ ಒಂದು ಜೋಕಿದೆ: ಎಲ್ಲಿಗೆ ಬೇಕಾದರೂ ದಾರಿ ಹೇಳುತ್ತಾರೆ, ತಮ್ಮ ಮನೆಗೊಂದು ಬಿಟ್ಟು. ಪಕ್ಕದ ಮನೆಯವರು ಕೇಳದೇ ನಮ್ಮ ಅಂಗಳದ ಹಿಮ ತೆಗೆದುಕೊಡುತ್ತಿದ್ದರು. ಊಟಕ್ಕೆ ಕರೆದದ್ದು ಮಾತ್ರ ನೆನಪಿಲ್ಲ.

ಹಾಗಾದರೆ ಆಕ್ಸೆಂಟ್ ಲೆಕ್ಕಕ್ಕೇ ಇಲ್ಲವಾ? ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಜಾನ್ ಬಾ ಎಂಬ ಕಪ್ಪು ಜನಾಂಗದ ಪ್ರೊಫೆಸರ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬಾಡಿಗೆ ಮನೆ ಹುಡುಕುತ್ತಿದ್ದರು. ಫೋನಿನಲ್ಲಿ ‘ಬನ್ನಿ, ಮನೆ ಖಾಲಿ ಇದೆ’ ಅಂದವರು, ಮುಖ ನೋಡಿದ ಮೇಲೆ ಇಲ್ಲ ಅನ್ನುತ್ತಿದ್ದರು. ಆಮೇಲೆ ಅವರು ಇಬ್ಬರು ಜೊತೆಗಾರರೊಂದಿಗೆ ಒಂದು ಪ್ರಯೋಗ ಮಾಡಿದರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಮನೆ ಮಾಲೀಕರಿಗೆ ತಾವೇ ಮೂರು ಧಾಟಿಯಲ್ಲಿ ಫೋನ್ ಮಾಡಿದರು: ಟಿವಿ ವಾರ್ತೆಯವರ ಹಾಗೆ, ಕಪ್ಪು ಜನರ ಹಾಗೆ, ಮೆಕ್ಸಿಕನ್ ಮೂಲದವರ ಹಾಗೆ. ಬಿಳಿಯರೇ ಜಾಸ್ತಿ ಇರುವ ವುಡ್‌ಸೈಡ್‌ನಂಥ ಕಡೆ, ಕೊನೆಯ ಎರಡು ಧಾಟಿಗೆ ‘ಬಂದು ನೋಡಿ’ ಅಂದವರು ತೀರಾ ಕಮ್ಮಿ. ಮನುಷ್ಯ ಒಬ್ಬನೇ, ಕೇಳಿದ್ದೂ ಒಂದೇ. ಇದು 1999ರಲ್ಲಿ ಪ್ರಕಟವಾಯಿತು. ಫೋನ್ ಎತ್ತಿದ ತಕ್ಷಣ ‘ವಾಡರ್’ ಧಾಟಿಗೆ ಜಾರುವ ನಮ್ಮ ಹುಡುಗರನ್ನು ನಾನು ಹಾಗಾಗಿ ಪೂರ್ತಿ ಹಂಗಿಸಲಾರೆ. ಬಾಡಿಗೆ ಮನೆಗೋ ಇಂಟರ್‌ವ್ಯೂಗೋ ಬೇಕಾದರೆ ಮಾಡಿಕೊಳ್ಳಲಿ. ಆದರೆ ಕನ್ನಡ ಕೂಟದ ಬಿಸಿಬೇಳೆಬಾತ್ ಕ್ಯೂನಲ್ಲೂ ಅದೇ ಧಾಟಿ ಯಾಕೆ ಸ್ವಾಮಿ?

ಪ್ಲೇನೋದಂಥ ಊರಿನಲ್ಲಿ ಟೆಕ್ಸಾಸಿನ ಹಳೇ ಎಳೆತ ಹುಡುಕಿದರೂ ಸಿಗುವುದು ಕಷ್ಟ. ಎಲ್ಲರೂ ಬೇರೆ ಕಡೆಯಿಂದ ಬಂದವರೇ. ಉಳಿದಿರುವುದು ‘ಯಾಲ್’ ಒಂದು. ಮಂಡ್ಯದವರ ಮಕ್ಕಳೂ ಅದನ್ನು ಹುಟ್ಟಿನಿಂದ ಬಂದದ್ದೇ ಅನ್ನುವ ಹಾಗೆ ಹೇಳುತ್ತಾರೆ. ನನಗಂತೂ ಖುಷಿ. ನಮ್ಮ ‘ನೀವೆಲ್ಲ’ ಇಂಗ್ಲಿಷಿನಲ್ಲಿ ಇಲ್ಲದೆ ಎಷ್ಟು ಪರದಾಡಿದ್ದೇವೆ!

ಹೊಸದಾಗಿ ಬಂದವರು ಏನು ಕಲಿಯಬೇಕು ಅಂತ ಕೇಳಿದರೆ, ಮೊದಲು ಊರ ಹೆಸರು ಅಂತೀನಿ. ಟೆಕ್ಸಾಸಿನದು ‘ಹ್ಯೂಸ್ಟನ್’, ಅದೇ ಅಕ್ಷರದ ನ್ಯೂಯಾರ್ಕಿನ ಬೀದಿ ‘ಹೌಸ್ಟನ್’. ಇಲಿನಾಯ್ಸಿನ ಕೈರೋ ಅಲ್ಲಿಯವರ ಬಾಯಲ್ಲಿ ‘ಕೇರೋ’. ಬಾಸ್ಟನ್ ಹತ್ತಿರದ ವೋರ್ಸೆಸ್ಟರ್ ‘ವುಸ್ಟ’. ನಮ್ಮ ಟೆಕ್ಸಾಸಿನಲ್ಲೇ ಮೆಕ್ಸಿಯಾ ಅಂತ ಬರೆದಂತೆ ಕಾಣುವ ಊರೊಂದಿದೆ, ಜನ ‘ಮುಹೇಯ’ ಅನ್ನುತ್ತಾರೆ. ಗೊತ್ತಿಲ್ಲದಿದ್ದರೆ ಅಲ್ಲಿಯವರನ್ನೇ ಕೇಳಿ, ಯಾರೂ ನಗುವುದಿಲ್ಲ. ಟೆಕ್ಸಾಸಿನಲ್ಲಾದರೆ ಹೆಸರಿನ ಜೊತೆ ಆ ಊರ ಹೈಸ್ಕೂಲಿನ ಫುಟ್‌ಬಾಲ್ ಟೀಮಿನ ಕಥೆಯೂ ಬರುತ್ತದೆ. ಅರ್ಧ ಗಂಟೆ ಕೈಯಲ್ಲಿ ಇಟ್ಟುಕೊಂಡೇ ಕೇಳಿ.